ರೊಟ್ಟಿ, ಜಿಲೇಬಿ, ಕಸ

ಆ ಸ್ಕೂಟರಿನ ಕೀಲಿಯನ್ನು ಮಾವನವರ ಕೈಯಿಂದ ಬಿಡಿಸಿಕೊಳ್ಳುವುದು ಹೇಗೆ ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದ ಚಿಂತೆ. ಆಕಾಶ, ಗ್ರಹ, ನಕ್ಷತ್ರ ಎಲ್ಲ ಆಮೇಲೆ ಬಂದು ಸೇರಿಕೊಂಡವು.

ನಮ್ಮ ಮನೆ ಬಸವಕಲ್ಯಾಣದಲ್ಲಿ. ನನ್ನ ಆನ್‌ಲೈನ್ ಸೆಂಟರ್ ಹುಮನಾಬಾದಿನಲ್ಲಿ, ತಹಸೀಲ್ ಕಚೇರಿಗೆ ಹೋಗುವ ಓಣಿಯಲ್ಲಿ. ಪಹಣಿ, ರೇಷನ್ ಕಾರ್ಡು, ಪಿಂಚಣಿ ಅರ್ಜಿ, ಮಕ್ಕಳ ಸ್ಕಾಲರ್‌ಶಿಪ್ಪು, ಎಲ್ಲಕ್ಕೂ ನನ್ನ ಒಂದೇ ಕಂಪ್ಯೂಟರು. ಮಾವನವರು, ಅಂದರೆ ನನ್ನ ಗಂಡನ ಅಪ್ಪ, ಅದೇ ಹುಮನಾಬಾದಿನ ಮಂಡಿಯಲ್ಲಿ ದಲಾಲಿ ಮಾಡುವ ಒಂದು ಅಡತ್ ಅಂಗಡಿಗೆ ತೊಗರಿ ನೋಡಿಕೊಡುವವರು. ರೈತರು ತಂದ ಚೀಲದಿಂದ ಒಂದು ಹಿಡಿ ಕಾಳು ತೆಗೆದು, ಇದು ಒಂದನೇ ನಂಬರು, ಇದು ಎರಡನೇದು ಎಂದು ಅವರು ಹೇಳಿದರೆ ಮುಗಿಯಿತು. ಮೀಸೆ ಮೂಡಿದಾಗಿನಿಂದ ಅದೇ ಕೆಲಸ. ವಯಸ್ಸಾದ ಮೇಲೂ ಬಿಡಲಿಲ್ಲ. ಬೆಳಿಗ್ಗೆ ಮಂಡಿ, ಮಧ್ಯಾಹ್ನದ ಊಟದ ಮೇಲೆ ನನ್ನ ಅಂಗಡಿಯ ಪ್ಲಾಸ್ಟಿಕ್ ಕುರ್ಚಿ, ಸಂಜೆ ನನ್ನನ್ನು ಹಿಂದೆ ಕೂರಿಸಿಕೊಂಡು ಮನೆ.

ನನಗೆ ಗಾಡಿ ಓಡಿಸಲು ಬಾರದು, ಹಿಂದೆ ಕೂರುವವಳು ನಾನು ಎಂಬುದನ್ನು ನೆನಪಿಡಿ. ಕಲ್ಯಾಣದಿಂದ ಹೆದ್ದಾರಿಗೆ ಬಂದರೆ ಪುಣೆಯಿಂದ ಹೈದರಾಬಾದಿಗೆ ಹೊರಟ ಟ್ರಕ್ಕುಗಳೆಲ್ಲ ನಮ್ಮ ಬೆನ್ನಿಗೇ. ಮೊದಲು ಮಾವನವರು ಚೆನ್ನಾಗಿಯೇ ಓಡಿಸುತ್ತಿದ್ದರು. ಆಮೇಲಾಮೇಲೆ ಒಂದು ಹೊಸ ಚಾಳಿ ಶುರುವಾಯಿತು. ಹೆದ್ದಾರಿಗೆ ಬರುತ್ತಲೇ ಒಂದು ಸರ್ಕಾರಿ ಬಸ್ಸಿನ ಹಿಂದೆ ಬೀಳುವುದು, ಹುಮನಾಬಾದ್ ಬರುವ ತನಕ ಅದರ ಬೆನ್ನು ಬಿಡದಿರುವುದು. ಬಸ್ಸು ನಿಂತರೆ ನಾವೂ ನಿಲ್ಲಬೇಕು. ಅದರಿಂದ ಕೋಳಿ, ಚೀಲ, ಮೊಮ್ಮಕ್ಕಳ ಸಮೇತ ಒಬ್ಬ ಮುದುಕಿ ಇಳಿಯುವ ತನಕ ನಾವು ಹೊಗೆ ಕುಡಿಯುತ್ತಾ ಕಾಯಬೇಕು. ಅದು ಹೊರಟರೆ ನಾವೂ ಹೊರಡಬೇಕು. ಟಿಕೆಟ್ ತೆಗೆಸದೆ ಬಸ್ಸಿನಲ್ಲಿ ಹೋದ ಹಾಗೆ. ಅವರಿಗೆ ಜೀವದ ಮೇಲೆ ಆಸೆ ಹೆಚ್ಚಾಗಿದೆ ಎಂದುಕೊಂಡು ನಾನು ಒಳಗೊಳಗೇ ನಗುತ್ತಿದ್ದೆ. ಒಂದು ದಿನ ಅವರು ಸೀದಾ ಹೋಗಿ ಚಹಾ ಹೋಟೆಲಿನ ಬೋರ್ಡಿಗೆ ಗುದ್ದಿದರು. ಆ ಬೋರ್ಡು ನಿನ್ನೆ ಅಲ್ಲಿ ಇರಲಿಲ್ಲ ಎಂದು ಹೋಟೆಲಿನವನಿಗೇ ಜೋರು ಮಾಡಿದರು. ನಾನು ಮದುವೆಯಾಗಿ ಬಂದಾಗಲೂ ಅದು ಅಲ್ಲೇ ಇತ್ತು. ಆ ದಿನ ನನ್ನ ನಗು ನಿಂತಿತು.

ಗಂಡನಿಗೆ ಹೇಳಿದೆ. ಅವರು ಶಾಲೆಯ ಮಾಸ್ತರು, ಮಕ್ಕಳ ಮುಂದೆ ಹುಲಿ, ಅಪ್ಪನ ಮುಂದೆ ಬಾಲ ಮುದುರಿದ ಬೆಕ್ಕು. ನೀನೇ ಹೇಳು, ನಿನ್ನ ಮಾತು ಕೇಳುತ್ತಾರೆ ಎಂದು ಕೈ ತೊಳೆದುಕೊಂಡರು. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ನೇರವಾಗಿ ಕೇಳಿಯೇಬಿಟ್ಟೆ.

"ಮಾವಾರ, ಒಮ್ಮೆ ಕಣ್ಣ ತೋರಿಸ್ಕೊಂಡ ಬರೂನ್ರಿ. ಅಲ್ಲೀತನಕ ಕೀಲಿ ನನ್ನ ಕಡೆ ಇರಲಿ."

ಮರುದಿನ ಮಂಡಿಯ ಬಾಗಿಲಲ್ಲಿ ನನ್ನನ್ನು ಇಳಿಸುವಾಗ, ಬಾ ಎಂದು ಒಳಗೆ ಕರೆದುಕೊಂಡು ಹೋದರು. ಯಾರದೋ ಚೀಲ ಬಿಚ್ಚಿತ್ತು. ಒಂದು ಹಿಡಿ ತೊಗರಿ ತೆಗೆದರು. ಎರಡು ಅಂಗೈ ನಡುವೆ ತಿಕ್ಕಿದರು. ಈ ಕೈಯಿಂದ ಆ ಕೈಗೆ ಸುರಿದು ಅದರ ಸದ್ದು ಕೇಳಿದರು. ಒಂದು ಕಾಳು ಹಲ್ಲಿಗಿಟ್ಟು ಕಟ್ ಎಂದು ಕಡಿದರು. ಇನ್ನೂ ಹಸಿ ಇದೆ, ಎರಡು ಬಿಸಿಲು ಬೇಕು, ಚೀಲದ ತಳದಲ್ಲಿ ಹೋದ ವರ್ಷದ ಕಾಳು ಬೆರೆಸಿದ್ದಾರೆ ಎಂದರು. ಚೀಲದ ಒಡೆಯ ತಲೆ ತಗ್ಗಿಸಿ ಹೌದೆಂದು ಒಪ್ಪಿಕೊಂಡ.

"ಕಣ್ಣಿಲ್ಲದಂವ ಹಿಂಗ ಹೇಳ್ತಾನೇನವ್ವಾ?" ಎಂದು ಮಾವನವರು ಕೀಲಿಯನ್ನು ಜೇಬಿಗೆ ಹಾಕಿಕೊಂಡು ನಡೆದರು.

ಅಂಥ ಪುರಾವೆಗೆ ಏನು ಹೇಳುವುದು? ಸುಮ್ಮನೆ ಬಂದು ಅಂಗಡಿ ತೆರೆದೆ.

ಅಂಗಡಿಯಲ್ಲಿ ನನ್ನ ಶತ್ರು ಬೇರೆ ಇತ್ತು. ಅದರ ಹೆಸರು ಸರ್ವರ್. ಇಂಥ ಅಂಗಡಿ ನಡೆಸುವವರಿಗೆ ಕೇಳಿ, ದಿನದಲ್ಲಿ ಅರ್ಧ ಹೊತ್ತು ಸರ್ವರ್ ಡೌನ್. ಪರದೆಯ ಮೇಲೆ ಒಂದು ಉಂಗುರ ಗಿರಗಿರ ತಿರುಗುತ್ತಾ ಇರುತ್ತದೆ. ಎದುರಿಗೆ ಹತ್ತು ಹದಿನೈದು ಜನ ಬೆವರು ಒರೆಸಿಕೊಳ್ಳುತ್ತಾ ಕೂತಿರುತ್ತಾರೆ. ತಪ್ಪು ಸರ್ವರಿನದು, ಬೈಸಿಕೊಳ್ಳುವವಳು ನಾನು. ಹುಡಗಿ ಎಂಬ ಊರಿನಿಂದ ಪಿಂಚಣಿಗಾಗಿ ಬರುವ ಒಬ್ಬ ಅಜ್ಜಿ ಇದ್ದಳು, ನಾನು ಆಯಿ ಎಂದು ಕರೆಯುತ್ತಿದ್ದೆ. ಕಳೆ ಕಿತ್ತು ಕಿತ್ತು ಅವಳ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ಯಂತ್ರ ಒಪ್ಪಿದ ದಿನ ಸರ್ವರ್ ಒಪ್ಪುವುದಿಲ್ಲ. ಅವಳು ನನ್ನ ಅಂಗಡಿಗೆ ಬಂದಷ್ಟು ಸಲ ತನ್ನ ಮಗಳ ಮನೆಗೂ ಹೋಗಿರಲಿಕ್ಕಿಲ್ಲ.

ಒಂದು ದಿನ ನನಗೆ ರೇಗಿತು. ಸರ್ಕಾರದ ಪುಟ ತೆರೆಯುವುದಿಲ್ಲವೆಂದರೆ ಈ ಇಂಟರ್‌ನೆಟ್ಟಿನಲ್ಲಿ ತೆರೆಯುವಂಥದ್ದು ಏನಾದರೂ ಇದೆಯೋ ಇಲ್ಲವೋ ನೋಡಿಯೇಬಿಡೋಣ ಎಂದು ಮನಸ್ಸಿಗೆ ಬಂದದ್ದನ್ನೆಲ್ಲ ಒತ್ತಿದೆ. ಸೂರ್ಯ ತೆರೆದ. ಹೌದು, ಸೂರ್ಯನೇ. ಈ ಹೊತ್ತಿನ ಅವನ ಮುಖ, ಮೇಲೆ ಎರಡು ಕಪ್ಪು ಕಲೆ, ಒಂದೊಂದೂ ನಮ್ಮ ಭೂಮಿಗಿಂತ ದೊಡ್ಡದು ಎಂದು ಕೆಳಗೆ ಬರೆದಿತ್ತು. ತಹಸೀಲ್ ಕಚೇರಿ ಇನ್ನೂರು ಹೆಜ್ಜೆ ದೂರ, ಅದು ಸಿಗುತ್ತಿಲ್ಲ, ಸೂರ್ಯ ಸಿಕ್ಕ. ನನ್ನಲ್ಲಿ ಗಿರಾಕಿಗಳ ಕಡೆಗೆ ತಿರುಗಿಸಿದ ಇನ್ನೊಂದು ಪರದೆಯಿದೆ, ಹೆಸರಿನ ಅಕ್ಷರ ಸರಿಯಿದೆಯೇ ಎಂದು ಅವರು ನೋಡಿಕೊಳ್ಳಲು. ಅದರ ಮೇಲೂ ಸೂರ್ಯ ಮೂಡಿದ. ಬೈಯುತ್ತಿದ್ದವರೆಲ್ಲ ಬಾಯಿ ಮುಚ್ಚಿದರು.

ಅವತ್ತಿನಿಂದ ನನಗೆ ಹುಚ್ಚು ಹಿಡಿಯಿತು. ಸರ್ವರ್ ಡೌನ್ ಆದರೆ ಆಕಾಶ ಆನ್. ಒಂದು ಪುಟದಲ್ಲಿ ಚಂದ್ರ ಸಾಸಿವೆಗಿಂತ ಸಣ್ಣ ಚುಕ್ಕೆ, ಅದೇ ಅಳತೆಯಲ್ಲಿ ಉಳಿದ ಗ್ರಹಗಳನ್ನು ಇಟ್ಟಿದ್ದಾರೆ, ಪುಟವನ್ನು ಪಕ್ಕಕ್ಕೆ ಸರಿಸುತ್ತಾ ಹೋಗಬೇಕು. ಸರಿಸಿದಷ್ಟೂ ಬರೀ ಕತ್ತಲು. ರೇಷನ್ ಕಾರ್ಡಿಗೆ ಬಂದಿದ್ದ ಒಬ್ಬ ಪೈಲ್ವಾನನ ಕೈಗೆ ಮೌಸು ಕೊಟ್ಟೆ. ಗುರು ಗ್ರಹ ಬರುವಷ್ಟರಲ್ಲಿ ಅವನ ಬೆರಳು ಸೋತು, ಇಷ್ಟು ಖಾಲಿ ಜಾಗ ಯಾರ ಹೆಸರಿಗಿದೆ, ಪಹಣಿ ತೆಗೆದು ನೋಡಿ ಎಂದ. ಇನ್ನೊಂದು ಪುಟ ಬೇರೆ ಬೇರೆ ಗ್ರಹದ ಮೇಲೆ ನಮ್ಮ ತೂಕ ಎಷ್ಟಾಗುತ್ತದೆ ಎಂದು ಹೇಳುತ್ತಿತ್ತು. ನನ್ನ ತೂಕ ಗುರು ಗ್ರಹದ ಮೇಲೆ ಎಷ್ಟು ಎಂಬುದನ್ನು ನಾನು ಯಾರಿಗೂ ತೋರಿಸಿಲ್ಲ.

ಆ ತೂಕದ ಪುಟದಿಂದ ಮಾವನವರನ್ನು ಕೆಣಕಬಹುದು ಅನ್ನಿಸಿತು. ಕೀಲಿಯ ಸಿಟ್ಟು ಹೊಟ್ಟೆಯಲ್ಲಿತ್ತಲ್ಲ. ಅವರು ಊಟ ಮುಗಿಸಿ ಕುರ್ಚಿಗೆ ಬಂದಾಗ, ನಿಮ್ಮ ಒಂದು ಕ್ವಿಂಟಲ್ ತೊಗರಿ ಚಂದ್ರನ ಮೇಲೆ ಹದಿನಾರೂವರೆ ಕಿಲೋ ಆಗುತ್ತದೆ, ನಿಮ್ಮ ಮಂಡಿ ಅಲ್ಲಿ ಮುಳುಗಿಹೋಗುತ್ತದೆ ಎಂದೆ. ಜನ ನಕ್ಕರು. ಮಾವನವರು ಕಣ್ಣು ಮುಚ್ಚಿ ಕೂತರು. ನಿದ್ದೆ ಹೋದರು ಎಂದುಕೊಂಡೆ.

"ಯಾವ ಕಾಂಟಾದ ಮ್ಯಾಲ?" ಎಂದರು, ಕಣ್ಣು ತೆರೆಯದೆಯೇ. "ಸ್ಪ್ರಿಂಗಿನ ಕಾಂಟಾ ಆದ್ರ ನೀ ಹೇಳಿದ್ದು ಬರೋಬರ್. ತಕ್ಕಡಿ ತಗೊಂಡ ಹೋದ್ರ? ಈ ಕಡೆ ತೊಗರಿ ಹಗುರ ಆಗ್ತದ, ಆ ಕಡೆ ಕಲ್ಲೂ ಹಗುರ ಆಗ್ತಾವ. ಕ್ವಿಂಟಲ್ ಇದ್ದದ್ದು ಕ್ವಿಂಟಲ್‌ನೇ."

ನಾನು ಗುಟ್ಟಾಗಿ ಹುಡುಕಿ ನೋಡಿದೆ. ಅವರು ಹೇಳಿದ್ದೇ ಸರಿ. ಮೂರು ದಿನ ಆ ಸುದ್ದಿಯನ್ನು ಅವರಿಗೆ ತಿಳಿಸಲಿಲ್ಲ.

ಇಂಥ ಹೊತ್ತಿನಲ್ಲೇ ನನಗೆ ಆ ಗೆಲಾಕ್ಸಿಗಳ ಪುಟ ಸಿಕ್ಕಿದ್ದು. ಗೆಲಾಕ್ಸಿ ಅಂದರೆ ಕೋಟಿ ಕೋಟಿ ನಕ್ಷತ್ರಗಳ ಗುಂಪು, ಅದನ್ನು ನಾನು ಶಾಲೆಯಲ್ಲಿ ಓದಿದ್ದೆ. ದೊಡ್ಡ ದುರ್ಬೀನುಗಳು ತೆಗೆದ ಅವುಗಳ ಫೋಟೋ ಲೆಕ್ಕವಿಲ್ಲದಷ್ಟು ಇವೆಯಂತೆ. ಎಲ್ಲವನ್ನೂ ಒಂದೊಂದಾಗಿ ನೋಡಲು ವಿಜ್ಞಾನಿಗಳಿಗೆ ಪುರುಸೊತ್ತಿಲ್ಲ. ಅದಕ್ಕೆ ಜಗತ್ತಿನ ಯಾರು ಬೇಕಾದರೂ ಬಂದು ನೋಡಿ, ಯಾವ ಬಗೆಯದು ಎಂದು ಹೇಳಿ ಅನ್ನುತ್ತಾರೆ. ಓದು ಬೇಡ, ಫೀಸು ಬೇಡ. ನನ್ನ ವೃತ್ತಿಯಲ್ಲಿ ಓಟಿಪಿ ಕೇಳದ ಮೊದಲನೆಯ ಕೆಲಸ ಅದು. ಒಂದು ಚಿತ್ರ ಬರುತ್ತದೆ, ಕೆಳಗೆ ಮೂರು ಪ್ರಶ್ನೆ. ನುಣ್ಣಗೆ ದುಂಡಗಿದೆಯೋ, ಸುರುಳಿ ಕೈಗಳು ಕಾಣುತ್ತವೆಯೋ, ಅಥವಾ ಅದು ಗೆಲಾಕ್ಸಿಯೇ ಅಲ್ಲವೋ?

ಮಂಡಿಗೆ ಮಾಲು ತರುವ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ದುಂಡಗಿರುವುದಕ್ಕೆ ರೊಟ್ಟಿ ಎಂದು ಹೆಸರಿಟ್ಟೆವು. ಸುರುಳಿಗೆ ಜಿಲೇಬಿ. ಮೂರನೆಯದಕ್ಕೆ ಕಸ. ಮೊದಲನೆಯ ದಿನವೇ ಹುಡಗಿಯ ಆಯಿ ನಾಲ್ಕು ಜಿಲೇಬಿ ಹಿಡಿದಳು. ಪಿಂಚಣಿ ಸಿಗಲಿಲ್ಲ, ಆದರೆ ಹೋಗುವಾಗ ಮುಖ ಅರಳಿತ್ತು.

ಆಮೇಲೆ ಮಾವನವರು ಬಂದರು. ಇದೇನು ಗದ್ದಲ ಎಂದು ಕೇಳಿದರು. ಮಾಲು ನೋಡಿ ನಂಬರು ಹಚ್ಚುತ್ತಿದ್ದೇವೆ ಎಂದು ಯಾರೋ ಹೇಳಿದರು. ಅಷ್ಟು ಸಾಕಾಯಿತು. ಕುರ್ಚಿಯನ್ನು ಪರದೆಯ ಮುಂದಕ್ಕೆ ಎಳೆದುಕೊಂಡು, ಧೋತರ ಸರಿಮಾಡಿಕೊಂಡು, ಮಂಡಿಯಲ್ಲಿ ಕೂರುವ ಹಾಗೆಯೇ ಕೂತರು.

ಮಂಡಿಯ ಒಂದು ರಿವಾಜು ಹೇಳಬೇಕು. ಮಾಲು ನೋಡುವವನು ಮೊದಲು ಬಾಯಿ ಬಿಡಬೇಕು. ಅವನು ಹೇಳುವ ತನಕ ಉಳಿದವರು ಉಸಿರೆತ್ತುವಂತಿಲ್ಲ. ಅವನು ಹೇಳಿದ ಮೇಲೆ ಯಾರೂ ಎದುರು ಮಾತಾಡುವಂತಿಲ್ಲ, ಅವನೂ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ನನ್ನ ಅಂಗಡಿಯಲ್ಲಿ ಕೂತವರೆಲ್ಲ ಆ ಮಂಡಿಗೆ ಮಾಲು ಹಾಕುವವರೇ. ಆ ರಿವಾಜು ಅವರ ಜೊತೆಗೇ ಒಳಗೆ ಬಂತು. ಚಿತ್ರ ಬಂದ ಕೂಡಲೇ ಎಲ್ಲರೂ ಗಪ್ಪಾಗಿ ಮಾವನವರ ಮುಖ ನೋಡತೊಡಗಿದರು.

ಮಾವನವರು ಮುಂದಕ್ಕೆ ಬಾಗಿ, ರೊಟ್ಟಿ ಎಂದರು.

ಇನ್ನೊಂದು ಬಂತು. ರೊಟ್ಟಿ. ಮತ್ತೊಂದು ಬಂತು, ಅದರ ಸುರುಳಿ ನನಗೆ ಚೆನ್ನಾಗಿಯೇ ಕಾಣುತ್ತಿತ್ತು. ರೊಟ್ಟಿ. ಯಾರೂ ಪಿಟಕ್ಕೆನ್ನಲಿಲ್ಲ. ನಾನು ಸೊಸೆ, ಹಿರಿಯರ ಮಾತು ಮೀರುವುದು ಹೇಗೆ? ರೊಟ್ಟಿ ಎಂದೇ ಒತ್ತಿದೆ. ಎಲ್ಲಿಯೋ ಕೂತ ವಿಜ್ಞಾನಿಗಿಂತ ನಮ್ಮ ಮನೆಯ ಮರ್ಯಾದೆ ದೊಡ್ಡದು, ನಡೆಯಲಿ ಎಂದುಕೊಂಡೆ. ಹಾಗೆ ದಿನಾ ಮಧ್ಯಾಹ್ನ ಮಾವನವರು ಗೆಲಾಕ್ಸಿಗಳಿಗೆ ನಂಬರು ಹಚ್ಚಿದರು, ಎಲ್ಲಕ್ಕೂ ಅದೇ ನಂಬರು. ಅಂಗಡಿಯಲ್ಲಿ ಜನ ಬಾಯಿಗೆ ಟವೆಲು ಒತ್ತಿಕೊಂಡು ನಗುತ್ತಿದ್ದರು. ನಾನೂ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ನಗುತ್ತಿದ್ದೆ. ನಕ್ಕಿದ್ದು ಸುಳ್ಳಲ್ಲ.

ಒಂದು ದಿನ ಬಂದ ಚಿತ್ರ ಮಾತ್ರ ಬೇರೆಯೇ ಇತ್ತು. ಎರಡು ಉದ್ದನೆಯ ಕೈಗಳು, ನಡುವೆ ಹಳದಿ ಬೆಳಕು, ಕೈಗಳ ತುಂಬ ನೀಲಿ ಚುಕ್ಕೆಗಳು. ನೋಡಿ ನನಗೆ ಮೈ ಜುಮ್ಮೆಂದಿತು. ಹುಮನಾಬಾದಿನ ಒಂದು ಓಣಿಯಲ್ಲಿ ಕೂತು ಇದನ್ನು ನೋಡುವ ಪುಣ್ಯ ಬಂತಲ್ಲ ಎಂದು ಖರೇ ಸಂತೋಷವಾಯಿತು. ಮಾವನವರು ಅದನ್ನೂ ನೋಡಿ, ರೊಟ್ಟಿ ಎಂದರು.

ನನ್ನ ಸಿಟ್ಟು ನೆತ್ತಿಗೇರಿತು. ಇವರು ಬೇಕಂತಲೇ ಮಾಡುತ್ತಿದ್ದಾರೆ. ಕೀಲಿ ಕೇಳಿದ ಸೇಡು ತೀರಿಸಿಕೊಳ್ಳುತ್ತಿದ್ದಾರೆ. ಆಗಲಿ, ಇವರ ಬಾಯಿಂದ ಜಿಲೇಬಿ ಎಂದು ಅನ್ನಿಸದಿದ್ದರೆ ನಾನು ಈ ಮನೆಯ ಸೊಸೆಯೇ ಅಲ್ಲ. ಅವತ್ತೇ ಕೂತು ಜಿಲೇಬಿ ಎಂದು ಹುಡುಕಿ, ಮಿಠಾಯಿಯ ಒಂದು ದೊಡ್ಡ ಫೋಟೋ ಇಳಿಸಿಕೊಂಡೆ. ಕಪ್ಪು ಹಿನ್ನೆಲೆ, ನಡುವೆ ಒಂದೇ ಒಂದು, ಪಾಕ ಮಿಂಚುತ್ತಿತ್ತು. ಅಚ್ಚ ಗೆಲಾಕ್ಸಿಯ ಹಾಗೆಯೇ.

ಮರುದಿನ ದೇವರು ನನ್ನ ಕಡೆಗಿದ್ದ. ಬೆಳಿಗ್ಗೆಯಿಂದ ಸರ್ವರ್ ಬಿದ್ದಿತ್ತು, ಅಂಗಡಿ ತುಂಬಿತ್ತು. ಮಾವನವರು ಬರುವ ಮೊದಲೇ ಎಲ್ಲರಿಗೂ ಹೇಳಿಟ್ಟೆ. ಜಿಲೇಬಿಗೆ ಅವರು ಜಿಲೇಬಿ ಅನ್ನಲೇಬೇಕು, ಆಗ ಎಲ್ಲರೂ ಒಟ್ಟಿಗೆ ಚಪ್ಪಾಳೆ ಹೊಡೆಯಬೇಕು ಎಂದು. ಆಯಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ತಯಾರಾಗಿ ಕೂತಳು.

ಮಾವನವರು ಬಂದರು, ಕೂತರು. ನಾನು ಎರಡು ನಿಜವಾದ ಗೆಲಾಕ್ಸಿ ತೋರಿಸಿದೆ, ಎರಡಕ್ಕೂ ರೊಟ್ಟಿ ಎಂದರು. ಮೂರನೆಯದಾಗಿ ಜಿಲೇಬಿಯನ್ನು ಪರದೆ ತುಂಬ ಬಿಟ್ಟೆ.

ಅವರು ಕನ್ನಡಕ ತೆಗೆದರು. ಧೋತರದ ಚುಂಗಿನಿಂದ ಒರೆಸಿದರು. ಮತ್ತೆ ಹಾಕಿಕೊಂಡು, ಮೂಗು ಪರದೆಗೆ ತಾಗುವಷ್ಟು ಬಾಗಿದರು. ಎಷ್ಟು ಹೊತ್ತು ನೋಡಿದರೆಂದರೆ, ಹೊರಗೆ ಒಂದು ಟಂಟಂ ಗಾಡಿ ಬಂದು ಜನರನ್ನು ಇಳಿಸಿ ಹೋಯಿತು.

"ರೊಟ್ಟಿ," ಎಂದರು. "ಛಲೋ ದುಂಡಗದ."

ಯಾರೂ ನಗಲಿಲ್ಲ. ಗಂಟಲಿನ ತನಕ ಬಂದಿದ್ದ ನಗು ಎಲ್ಲರಲ್ಲೂ ಅಲ್ಲೇ ನಿಂತಿತು. ಒಂದೊಂದಾಗಿ ಎಲ್ಲ ನೆನಪಾಗತೊಡಗಿತು. ಪೇಪರು ಓದಿ ಹೇಳು ಎಂದು ದಿನಾ ನನ್ನ ಕೈಗೆ ಕೊಡುತ್ತಿದ್ದದ್ದು, ಅದನ್ನು ನಾನು ದೊಡ್ಡಸ್ತಿಕೆ ಅಂದುಕೊಂಡದ್ದು. ಎದುರಿಗೆ ಬಂದವರು ಮಾತಾಡುವ ತನಕ ನಮಸ್ಕಾರ ಅನ್ನದಿದ್ದದ್ದು, ಅದನ್ನು ಸೊಕ್ಕು ಅಂದುಕೊಂಡದ್ದು. ತೊಗರಿಯನ್ನು ಅವರು ಕೈಯಿಂದ, ಕಿವಿಯಿಂದ, ಹಲ್ಲಿನಿಂದ ನೋಡುತ್ತಿದ್ದರು. ಅದರಲ್ಲಿ ಕಣ್ಣಿಗೆ ಕೆಲಸವೇ ಇರಲಿಲ್ಲ. ಗೆಲಾಕ್ಸಿಯನ್ನು ತಿಕ್ಕಿ, ಸುರಿದು, ಕಡಿದು ನೋಡುವುದು ಹೇಗೆ? ಇಷ್ಟು ದಿನ ಅವರು ಹಠ ಮಾಡುತ್ತಿರಲಿಲ್ಲ. ಅವರಿಗೆ ಕಂಡದ್ದೇ ಅಷ್ಟು, ದುಂಡಗಿನ ಒಂದು ಬೆಳಕು. ಅವರ ಬೆನ್ನಿಗೆ ಕೂತು ನಾನು ದಿನಾ ಹೆದ್ದಾರಿಯಲ್ಲಿ ಬರುತ್ತಿದ್ದೆ. ಅವರನ್ನು ಹದಿನೆಂಟು ಜನರ ಮುಂದೆ ಆಟದ ಗೊಂಬೆ ಮಾಡಿದವಳೂ ನಾನೇ.

ಮಾವನವರು ಯಾಕೆ ಎಲ್ಲರೂ ಸುಮ್ಮನಾದಿರಿ ಎಂದು ಕೇಳಿದರು.

"ಏನಿಲ್ರಿ ಅಣ್ಣಾರ," ಎಂದಳು ಆಯಿ. "ರೊಟ್ಟಿನೇ ಅದ. ನಾವೂ ಅದನ್ನ ನೋಡಾಕತ್ತಿದ್ದಿವಿ."

ಉಳಿದವರೂ ಹೌದು ಹೌದು, ರೊಟ್ಟಿನೇ ಎಂದರು. ನಾನು ಖಾಲಿ ಜಾಗದಲ್ಲಿ ಮೌಸನ್ನು ಟಕ್ ಎಂದು ಜೋರಾಗಿ ಒತ್ತಿದೆ, ಅವರಿಗೆ ಕೇಳಿಸಲಿ ಎಂದು.

ಸಂಜೆ ಅಂಗಡಿ ಮುಚ್ಚಿ ಬಂದರೆ ಮಾವನವರು ಬೇವಿನ ಮರದ ಕೆಳಗೆ ಸ್ಕೂಟರಿನ ಮೇಲೆ ಕೂತಿದ್ದರು. ಇನ್ನೂ ಬಿಸಿಲಿತ್ತು. ಇವತ್ತು ಬಸ್ಸಿಗೆ ಹೋಗೋಣ ಎಂದೆ. ಅವರು ಇಳಿಯಲಿಲ್ಲ.

"ಅದು ರೊಟ್ಟಿ ಇರಲಿಲ್ಲ," ಎಂದರು.

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಹೇಳಿಬಿಟ್ಟೆ.

"ಜಿಲೇಬಿ ಇತ್ರಿ. ಆಕಾಶದ್ದಲ್ಲ. ಮಿಠಾಯಿ ಅಂಗಡಿದು."

ಬೈಗುಳಕ್ಕೆ ತಯಾರಾಗಿ ನಿಂತೆ. ಮಾವನವರು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವ ತನಕ. ಖರೇ ಜಿಲೇಬಿ ತಂದಿಟ್ಟಿದ್ದರೆ ವಾಸನೆ ಹಿಡಿದು ಹೇಳಿರುತ್ತಿದ್ದೆ, ಅದನ್ನು ತಪ್ಪಿಸುವಷ್ಟು ಬುದ್ಧಿ ನಿನಗೆ ಯಾವಾಗ ಬಂತು ಎಂದರು. ನಗು ನಿಂತ ಮೇಲೆ ಬಹಳ ಹೊತ್ತು ಹ್ಯಾಂಡಲ್ಲನ್ನೇ ಸವರುತ್ತಾ ಕೂತರು.

"ಬಸ್ಸಿನ ಬೆನ್ನ ಕಾಣ್ತಿತ್ತವ್ವಾ. ಅದು ಕೆಂಪಗ, ದೊಡ್ಡದು. ಅಷ್ಟು ಸಾಕಿತ್ತು," ಎಂದರು. "ನಜರ್ ಹೋತು ಅಂತ ಗೊತ್ತಾದ್ರ ನನಗ ಮಾಲು ಯಾರ ತೋರಸ್ತಾರ?"

ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ. ನಿಮ್ಮ ಮಾಲಿನ ಮನೆ ಹಾಳಾಗಲಿ, ನನ್ನ ಜೀವಕ್ಕೆ ಯಾರು ಜಿಮ್ಮೇದಾರರು ಎಂದು ರಸ್ತೆಯಲ್ಲೇ ಕೂಗಾಡಿದೆ. ಅವರು ಎಲ್ಲ ಕೇಳಿಸಿಕೊಂಡರು. ನನ್ನ ಕೂಗು ಮುಗಿದ ಮೇಲೆ, ಕೈ ಚಾಚು ಎಂದು ಹೇಳಿ ಕೀಲಿಯನ್ನು ಅಂಗೈಗೆ ಹಾಕಿದರು. ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದೆವು. ಮೆಟ್ಟಿಲು ಹತ್ತುವಾಗ ಅವರು ನನ್ನ ಭುಜ ಹಿಡಿದುಕೊಂಡರು, ಅದೇ ಮೊದಲ ಸಲ.

ಎರಡೂ ಕಣ್ಣಿಗೆ ಮೋತಿಬಿಂದು. ಪೊರೆ ಗಟ್ಟಿಯಾಗಿ ಬಲಿತಿದೆ ಎಂದು ಡಾಕ್ಟರು ಹೇಳಿದಾಗ ಮಾವನವರು, ಹಾಗಾದರೆ ಒಂದನೇ ನಂಬರಿನ ಮಾಲು ಎಂದರು. ಒಂದು ಕಣ್ಣು ಮೊದಲು, ಕೆಲವು ವಾರ ಬಿಟ್ಟು ಇನ್ನೊಂದು. ಎಲ್ಲ ಮುಗಿದ ಮೇಲೆ ಡಾಕ್ಟರು ನನ್ನನ್ನು ಕರೆದು, ಎರಡೂ ಕಣ್ಣು ಚೆನ್ನಾಗಿವೆ, ಇನ್ನು ಬೇಕಾದರೆ ಗಾಡಿ ಓಡಿಸಬಹುದು ಎಂದರು. ಆ ಮಾತಿನಲ್ಲಿ ಅರ್ಧವನ್ನು ಮಾತ್ರ ನಾನು ಮನೆಗೆ ತಂದೆ. ಕಣ್ಣು ಚೆನ್ನಾಗಿವೆಯಂತೆ ಎಂದೆ. ಗಾಡಿಯ ವಿಷಯ ಎತ್ತಲಿಲ್ಲ. ಕೀಲಿ ನನ್ನ ಪರ್ಸಿನಲ್ಲಿತ್ತು, ಅಲ್ಲೇ ಇರಲಿ ಎಂದು ನನ್ನ ಲೆಕ್ಕಾಚಾರ.

ಮತ್ತೆ ಅಂಗಡಿಗೆ ಬಂದ ದಿನ ಅವರು ಕುರ್ಚಿಯಲ್ಲಿ ಕೂತವರೇ ತಾವು ನಂಬರು ಹಚ್ಚಿದ ಹಳೆಯ ಗೆಲಾಕ್ಸಿಗಳನ್ನೆಲ್ಲ ತೆಗೆ ಎಂದರು. ತಪ್ಪು ಹೇಳಿದ್ದೇನೆ, ಸರಿ ಮಾಡಬೇಕು ಎಂದು. ಒಮ್ಮೆ ಒತ್ತಿದರೆ ಹಿಂದಕ್ಕೆ ಹೋಗಲು ಬರುವುದಿಲ್ಲ ಎಂದೆ. ಅವರ ಮುಖ ಸಪ್ಪಗಾಯಿತು. ಸಮಾಧಾನ ಮಾಡಲು ಹೋಗಿ, ಒಂದೊಂದು ಚಿತ್ರವನ್ನು ಬೇರೆ ಬೇರೆ ದೇಶದ ಎಷ್ಟೋ ಜನ ನೋಡಿರುತ್ತಾರೆ, ಬಹಳ ಜನ ಹೇಳಿದ್ದನ್ನೇ ಹಿಡಿಯುತ್ತಾರೆ, ನಿಮ್ಮೊಬ್ಬರ ತಪ್ಪಿನಿಂದ ಏನೂ ಕೆಟ್ಟಿಲ್ಲ ಎಂದೆ. ಸಮಾಧಾನವಾಗುವುದು ಬಿಟ್ಟು ಅವರಿಗೆ ಇನ್ನಷ್ಟು ಬೇಜಾರಾಯಿತು.

"ಹಾಂಗಾದ್ರ ನಾ ಹೇಳಿದ್ದಕ್ಕ ಏನ ಕಿಮ್ಮತ್ತದ?" ಎಂದರು.

ಒಬ್ಬರ ಮಾತಿಗೆ ಇಡೀ ಮಂಡಿ ನಿಲ್ಲುವುದನ್ನು ಕಂಡವರು. ಹತ್ತರಲ್ಲಿ ಹನ್ನೊಂದನೆಯವನಾಗುವುದು ಅವರಿಗೆ ಹೊಸದು. ಆಮೇಲೆ, ಹೊಸದು ಬಿಡು ಎಂದರು. ಚಿತ್ರ ಬಂತು. ರಿವಾಜಿನಂತೆ ಎಲ್ಲರೂ ಗಪ್ಪಾದರು. ಮಾವನವರು ಹಿಂದಕ್ಕೆ ತಿರುಗಿ ಹುಡಗಿಯ ಆಯಿಗೆ, ಮೊದಲು ನೀನು ಹೇಳು ಎಂದರು. ಮಂಡಿಯವರು ಕಂಡಿದ್ದರೆ ಮೂರ್ಛೆ ಹೋಗುತ್ತಿದ್ದರು. ಆಯಿ ಜಿಲೇಬಿ ಎಂದಳು. ಮಾವನವರು ಬಹಳ ಹೊತ್ತು ನೋಡಿ, ಸುರುಳಿಯ ಒಂದೊಂದು ಕೈಯನ್ನು ಗಾಳಿಯಲ್ಲಿ ಬೆರಳಿಂದ ತಿದ್ದಿ, ಹೌದು ಜಿಲೇಬಿ ಎಂದರು. ನಾನು ಫೈಲು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಾಗಿದೆ.

ಹಾಗೆ ಕೆಲವು ದಿನ ನಡೆಯಿತು. ಬಸ್ಸಿಗೆ ಬರುವುದು, ಬಸ್ಸಿಗೆ ಹೋಗುವುದು. ಸ್ಕೂಟರು ಅದೇ ಬೇವಿನ ಮರದ ಕೆಳಗೆ ಧೂಳು ತಿನ್ನುತ್ತಾ ನಿಂತಿತ್ತು. ಅವರು ಕೀಲಿ ಕೇಳಲಿಲ್ಲ, ನಾನು ಕೊಡಲಿಲ್ಲ. ಗೆದ್ದೆ ಎಂದುಕೊಂಡೆ. ಒಂದು ಮಧ್ಯಾಹ್ನ ಸರ್ವರ್ ಬಿದ್ದಿತ್ತು, ಅಂಗಡಿ ತುಂಬಿತ್ತು.

"ಆ ದಿವಸದ್ದು ತೆಗಿ," ಎಂದರು ಮಾವನವರು.

ಯಾವುದು ಎಂದು ಕೇಳಿದೆ, ಗೊತ್ತಿದ್ದರೂ. ನಿನ್ನ ಜಿಲೇಬಿ ಎಂದರು. ಅವತ್ತು ಇದ್ದವರಲ್ಲಿ ಅರ್ಧ ಜನ ಅಲ್ಲೇ ಇದ್ದರು, ತಲೆ ಕೆರೆದುಕೊಳ್ಳತೊಡಗಿದರು. ನಾನು ಹುಡುಕಿ ತೆಗೆದೆ. ಪಾಕ ಮಿಂಚುತ್ತಾ ಪರದೆ ತುಂಬ ಬಂತು. ಮಾವನವರು ಈ ಸಲ ಬಾಗಲಿಲ್ಲ. ಕುರ್ಚಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿ, ದೂರದಿಂದಲೇ ನೋಡಿದರು.

"ಇದನ್ನ ಜಿಲೇಬಿ ಅಂತ ಯಾರ ಹೇಳಿದ್ರು?"

ಎಲ್ಲರೂ ನನ್ನ ಕಡೆ ನೋಡಿದರು.

"ಅಂಚಿಗೆ ಹೂವಿನ ಎಸಳ ಕಾಣಸವಲ್ವೇನು ಒಬ್ಬರಿಗೂ? ಜಿಲೇಬಿಗೆ ಎಲ್ಲಿ ಎಸಳ ಇರ್ತಾವ? ಇಮರತಿ ಅದ ಇದು."

ನೋಡಿದೆ. ನಡುವೆ ಉಂಗುರ, ಸುತ್ತಲೂ ಎಣಿಸಿ ಇಟ್ಟ ಹಾಗೆ ಎಸಳುಗಳು. ಇಮರತಿಯೇ, ಕೆಲವರು ಜಹಾಂಗೀರು ಅನ್ನುತ್ತಾರಲ್ಲ, ಅದು. ನಾನು ಜಿಲೇಬಿ ಎಂದು ಹುಡುಕಿದ್ದೆ, ಇಂಟರ್‌ನೆಟ್ಟು ಏನು ಕೊಟ್ಟಿತೋ ಅದನ್ನೇ ಜಿಲೇಬಿ ಎಂದು ನಂಬಿದ್ದೆ. ನಾನು ಹೇಳಿದೆನೆಂದು ಹದಿನೆಂಟು ಜನ, ಮೂವತ್ತಾರು ಒಳ್ಳೆಯ ಕಣ್ಣುಗಳು, ಅದನ್ನೇ ಕಂಡಿದ್ದವು. ಆಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗತೊಡಗಿದಳು. ಇಷ್ಟು ದಿನ ತಡೆದಿಟ್ಟ ನಗುವೆಲ್ಲ ಆ ಅಂಗಡಿಯಲ್ಲಿ ಒಮ್ಮೆಲೇ ಹೊರಬಿತ್ತು, ಈ ಸಲ ನನ್ನ ಮೇಲೆ.

ಮಾವನವರು ನಗಲಿಲ್ಲ. ತೊಗರಿಗೆ ಚಾಚುವ ಹಾಗೆ ಅಂಗೈ ಮೇಲೆ ಮಾಡಿ ಕೈ ಚಾಚಿದರು.

"ಕೀಲಿ ತಾ."

ಕೊಟ್ಟೆ. ಬೇರೆ ದಾರಿ ಇತ್ತೇ? ಆ ಸಂಜೆ ಹೆದ್ದಾರಿಗೆ ಬರುತ್ತಲೇ ನಮ್ಮ ಮುಂದೆ ಒಂದು ಕೆಂಪು ಬಸ್ಸು ಸಿಕ್ಕಿತು. ಮಾವನವರು ಒಂದು ಕ್ಷಣ ಅದರ ಬೆನ್ನಿಗೆ ನಿಂತು, ಹಾರನ್ ಹೊಡೆದು, ಪಕ್ಕಕ್ಕೆ ಬಂದು ಅದನ್ನು ದಾಟಿದರು. ನಾನು ಕಣ್ಣು ಮುಚ್ಚಿಕೊಂಡೆ.